ನಾಲ್ಕರಲ್ಲೊಂದು

ಚೀಲದೊಳಗಿನ ಕೆಂಪು ಚೆಂಡು, ನೀಲಿ ಚೆಂಡಿನ ಲೆಕ್ಕ ಸರಿಯಾಗಿತ್ತು. ಐದು ಅಂಗಿ, ಮೂರು ಪ್ಯಾಂಟುಗಳನ್ನು ಎಷ್ಟು ಬಗೆಯಲ್ಲಿ ಹಾಕಿಕೊಳ್ಳಬಹುದು ಎಂಬುದಕ್ಕೂ ಹುಡುಗಿ ತಡವರಿಸದೆ ಹದಿನೈದು ಎಂದು ಬರೆದಿದ್ದಳು. ಮೂರನೆಯ ಪ್ರಶ್ನೆಗೆ ಬಂದಾಗ ಟೀಚರ್ ಕೈಯ ಕೆಂಪು ಪೆನ್ನು ನಿಂತಿತು. ಒಂದು ಮನೆಯಲ್ಲಿ ಮೂವರಿದ್ದಾರೆ. ಊಟದ ಪಾತ್ರೆ ಯಾರು ತೊಳೆಯಬೇಕೆಂದು ಚೀಟಿ ಎತ್ತುತ್ತಾರೆ. ಒಬ್ಬರ ಹೆಸರು ಬರುವ ಸಂಭವನೀಯತೆ ಎಷ್ಟು? ನಾಲ್ಕರಲ್ಲೊಂದು ಎಂದಿತ್ತು ಉತ್ತರ.

“ಇರೋದು ಮೂವರು. ಮೂರರಲ್ಲೊಂದು ಆಗ್ಬೇಕಲ್ವಾ?” ಟೀಚರ್ ಮೆಲ್ಲಗೆ ಕೇಳಿದಳು. ಮನೆಗೆ ಬಂದು ಪಾಠ ಹೇಳುವ ಈ ಕೆಲಸಕ್ಕೆ ಅವಳು ಹೊಸಬಳು. ಜೋರು ಮಾಡಲು ಬರುತ್ತಿರಲಿಲ್ಲ.

“ಹೌದು, ಟೀಚರಕ್ಕ,” ಎಂದ ಹುಡುಗಿ ಬರೆದದ್ದನ್ನು ಹೊಡೆದುಹಾಕಿ, ಕೆಳಗೆ ಮತ್ತೆ ನಾಲ್ಕರಲ್ಲೊಂದು ಎಂದೇ ಬರೆದಳು.

ಹಿಂದಿನ ಎರಡು ಪರೀಕ್ಷೆಗಳಲ್ಲೂ ಹೀಗೇ ಆಗಿತ್ತು. ಚೆಂಡು, ನಾಣ್ಯ, ಪುಸ್ತಕಗಳ ಲೆಕ್ಕ ಬಂದರೆ ಪೂರ್ತಿ ಅಂಕ. ಮನೆಮಂದಿಯ ಲೆಕ್ಕ ಬಂದರೆ ಒಬ್ಬರು ಹೆಚ್ಚು. ಎರಡು ಸಲವೂ ಎರಡೇ ಅಂಕಕ್ಕೆ ನಪಾಸು. ನಾಡಿದ್ದು ಮೂರನೆಯ ಪರೀಕ್ಷೆ. ನರ್ಸಿಂಗ್ ಶಾಲೆಯವರು ಸೀಟು ಹಿಡಿದಿಟ್ಟುಕೊಂಡಿದ್ದದ್ದು ಇದರ ಫಲಿತಾಂಶ ಬರುವವರೆಗೆ ಮಾತ್ರ.

ಕಣ್ಣೆದುರಿನ ಉದಾಹರಣೆ ಕೊಟ್ಟರೆ ತಲೆಗೆ ಹೋದೀತೆಂದು, ಟೀಚರ್ ಗೋಡೆ ಬದಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದ ಅಜ್ಜಿಯ ಕಡೆ ತಿರುಗಿದಳು. “ಅಜ್ಜಿ, ಮನೇಲಿ ನೀವೆಷ್ಟು ಜನ?”

“ಮೂರೇ ಜನ. ನಾನು, ಸೊಸೆ, ಈ ಮರಿ. ಯಾಕೆ ಟೀಚರಮ್ಮ, ಜನಗಣತಿ ಕೆಲಸಾನೂ ಹಿಡಿದಿದ್ದೀಯಾ?”

“ಚೀಟಿ ಎತ್ತಿದ್ರೆ ನಿಮ್ಮ ಹೆಸರು ಬರೋ ಸಂಭವ ಎಷ್ಟು?”

“ನಾಲ್ಕರಲ್ಲೊಂದು,” ಎಂದಳು ಅಜ್ಜಿ, ಬಟಾಣಿಯಿಂದ ಕಣ್ಣೆತ್ತದೆ.

ಅಜ್ಜಿ, ಮೊಮ್ಮಗಳು ಸೇರಿ ತಮಾಷೆ ಮಾಡುತ್ತಿದ್ದಾರೆಂದು ಟೀಚರ್ ನಕ್ಕಳು. ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಹುಡುಗಿಯ ತಾಯಿ ಮಾತ್ರ ನಗಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಕಪಾಟಿನಿಂದ ಒಂದು ಸ್ಟೀಲ್ ಡಬ್ಬಿ ತಂದು ಮೇಜಿನ ಮೇಲೆ ಬೋರಲು ಹಾಕಿದಳು. ಮಡಿಸಿ ಮಡಿಸಿ ಅಂಚು ಸವೆದ ನಾಲ್ಕು ಚೀಟಿಗಳು. ಟೀಚರ್ ಒಂದೊಂದನ್ನೇ ಬಿಡಿಸಿದಳು. ಅಜ್ಜಿ. ಅಮ್ಮ. ನಾನು. ನಾಲ್ಕನೆಯದರಲ್ಲಿ ಏನೂ ಬರೆದಿರಲಿಲ್ಲ.

“ಇದು ಖಾಲಿ ಇದೆಯಲ್ಲ?”

“ಅದು ಬಂದ ದಿನ ನಾವ್ಯಾರೂ ಅಡುಗೆಮನೆಗೆ ಹೋಗಲ್ಲ,” ಎಂದಳು ತಾಯಿ.

“ಮತ್ತೆ ಪಾತ್ರೆ?”

“ತೊಳೆದಿರತ್ತೆ,” ಎಂದಳು ಅಜ್ಜಿ. “ಸೋಪು ಸ್ವಲ್ಪ ಜಾಸ್ತಿ ಬೇಕಾಗತ್ತೆ, ಅಷ್ಟೇ. ಆದ್ರೆ ತಳ ಉಜ್ಜೋದ್ರಲ್ಲಿ ನನ್ನ ಸೊಸೆಗಿಂತ ವಾಸಿ.”

“ಆಯ್ತು ಅತ್ತೆ, ಇನ್ಮೇಲೆ ಅದನ್ನೇ ಸೊಸೆ ಅಂತ ಇಟ್ಕೊಳ್ಳಿ.”

ಟೀಚರ್ ಖಾಲಿ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅದೂ ಉಳಿದವುಗಳಷ್ಟೇ ಸವೆದಿತ್ತು. “ಇದನ್ನ ಡಬ್ಬಿಗೆ ಹಾಕಿದ್ದು ಯಾರು?”

“ನಾವು ಹಾಕಿದ್ದು ಮೂರೇ,” ಎಂದು ತಾಯಿ ಅವಳ ಕೈಯಿಂದ ಚೀಟಿ ತೆಗೆದುಕೊಂಡು, ಅದೇ ಮಡಿಕೆಯಲ್ಲಿ ಮಡಿಸಿ ಡಬ್ಬಿಗೆ ಹಾಕಿದಳು.

ಎದ್ದು ಹೋಗಿಬಿಡಬೇಕೆನ್ನಿಸಿತು ಟೀಚರಿಗೆ. ಚಪ್ಪಲಿ ಬಾಗಿಲಲ್ಲೇ ಇತ್ತು. ಆದರೆ ಹುಡುಗಿ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಅವಳನ್ನೇ ನೋಡುತ್ತಿದ್ದಳು. ಟೀಚರ್ ಪುಸ್ತಕವನ್ನು ಹುಡುಗಿಯ ಕಡೆ ಸರಿಸಿದಳು. “ನೋಡು, ಪರೀಕ್ಷೇಲಿ ಬರೋ ಮನೆ ಇದಲ್ಲ. ಅದು ಬೇರೆ ಯಾರದೋ ಮನೆ. ಅಲ್ಲಿ ಚೀಟೀನೂ ಮೂರೇ.”

“ಗೊತ್ತು ಅಕ್ಕ. ಲೆಕ್ಕ ಬರತ್ತೆ ನಂಗೆ.” ಹುಡುಗಿ ಪಿಸುಮಾತಿಗಿಳಿದಳು. “ಬಿಟ್ಟು ಬರೆದ್ರೆ ಅದಕ್ಕೆ ಬೇಜಾರಾಗತ್ತೆ.”

“ನೀನು ನರ್ಸ್ ಆಗ್ಬೇಕೋ ಬೇಡ್ವೋ?”

ಹುಡುಗಿಯ ಕಣ್ಣು ತುಂಬಿತು. ತಾಯಿಯತ್ತ ನೋಡಿದಳು, ತಾಯಿ ಹೌದೆಂಬಂತೆ ತಲೆಯಾಡಿಸಿದಳು. ಅಜ್ಜಿಯ ಬೆರಳುಗಳು ಬಟಾಣಿಯ ಸಿಪ್ಪೆಯಲ್ಲೇ ನಿಂತವು. ಹುಡುಗಿ ಒಂದು ಎಂದು ಬರೆದು, ಗೆರೆ ಎಳೆದು, ಅದರ ಕೆಳಗೆ ನಿಧಾನವಾಗಿ ಮೂರು ಎಂದು ಬರೆದಳು.

ಒಳಗೆ ನಲ್ಲಿ ನಿಂತಿತು.

ಅಷ್ಟು ಹೊತ್ತೂ ಅದು ಹರಿಯುತ್ತಿತ್ತೆಂದು ಟೀಚರಿಗೆ ಗೊತ್ತಾದದ್ದೇ ಆಗ. ಅವಳು ಕೂತಲ್ಲಿಂದಲೇ ಎಣಿಸಿದಳು: ಮೇಜಿನ ಬಳಿ ಹುಡುಗಿ, ಇಸ್ತ್ರಿಯ ಹತ್ತಿರ ತಾಯಿ, ಗೋಡೆ ಬದಿಯಲ್ಲಿ ಅಜ್ಜಿ. ಹುಡುಗಿ ಗಾಬರಿಯಿಂದ ಉತ್ತರ ಹೊಡೆದುಹಾಕಲು ಪೆನ್ನೆತ್ತಿದಳು. ಅಜ್ಜಿ ಮೊಣಕಾಲೂರಿ ಎದ್ದು ಬಂದು ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ಮುಖ ಮಾಡಿ, ಮುನಿಸಿಕೊಂಡವರನ್ನು ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದಳು:

“ಪರೀಕ್ಷೆಗೆ ಮಾತ್ರ ಕಣೆ. ನಿನ್ನನ್ನೇನು ಬಿಟ್ಟುಬಿಟ್ವಾ ನಾವು?”