ಜಲಜಕ್ಕನ ಪಾಳಿ

ನಮ್ಮ ಗೇರುಬೀಜ ಕಾರ್ಖಾನೆಯ ಹೆಂಗಸರು ಜಲಜಕ್ಕನ ಕಿಮೋ ಸಂಕಟವನ್ನು ಪಾಳಿಯ ಮೇಲೆ ತೆಗೆದುಕೊಳ್ಳುತ್ತಿದ್ದರು. ಅಂಗೈಗೆ ಅಂಗೈ ಒತ್ತಿದರೆ ಒಬ್ಬರ ಸಂಕಟ ಇನ್ನೊಬ್ಬರಿಗೆ ಒಂದು ದಿನದ ಮಟ್ಟಿಗೆ ದಾಟುತ್ತದಲ್ಲ, ತಾಯಂದಿರು ಮಕ್ಕಳ ಜ್ವರ ತೆಗೆದುಕೊಳ್ಳುವ ಹಾಗೆ. ಇವತ್ತು ಮೊದಲ ಸಲ ನನ್ನ ಪಾಳಿ. ಊಟದ ಬಿಡುವಿನಲ್ಲಿ ಅವರ ಮನೆಗೆ ಹೋದೆ.

"ನೀನಾ? ತಡೆದುಕೊಳ್ತೀಯಾ ಮಾರಾಯ್ತಿ?" ಎಂದರು ಜಲಜಕ್ಕ.

ಗೇರಿನ ಸೊನೆಗೆ ಕಪ್ಪಾದ ಕೈ ಚಾಚಿ ಅವರ ಅಂಗೈಗೆ ಒತ್ತಿದೆ.

ಮೊದಲು ಹೊಟ್ಟೆ ತೊಳಸಿತು. ಅದಕ್ಕೆ ತಯಾರಾಗಿದ್ದೆ. ಅದರ ಹಿಂದೆಯೇ ಸಾವಿನ ಭಯ ಬಂದು ಎದೆಯಲ್ಲಿ ಕೂತಿತು. ಅದೂ ದಾಟುತ್ತದೆಂದು ಯಾರೂ ಹೇಳಿರಲಿಲ್ಲ.

ಜಲಜಕ್ಕ ಉಪ್ಪಿನಕಾಯಿ ನೆಂಚಿಕೊಂಡು ಗಂಜಿ ಉಣ್ಣತೊಡಗಿದರು. "ಗುಟ್ಟು ಹೇಳ್ತೇನೆ. ಈಗೀಗ ನನಗೆ ಹೆದರಿಕೆಯೇ ಇಲ್ಲ. ಗುಣ ಆಗ್ತಾ ಇದೆ ಅಂತ ಮೈಗೇ ಗೊತ್ತಾಗಿದೆ, ಅಲ್ವಾ?"

"ಹೌದಕ್ಕ," ಎಂದೆ.

ಕಾರ್ಖಾನೆಗೆ ವಾಪಸಾದೆ. ಎಲ್ಲರನ್ನೂ ನಗಿಸುವ ಬೆನೆಡಿಕ್ಟಬಾಯಿ ನನ್ನ ಮುಖ ನೋಡಿ ತಮಾಷೆಯನ್ನು ಅರ್ಧಕ್ಕೇ ಬಿಟ್ಟರು. ನಿನ್ನೆ ಅವರ ಪಾಳಿಯಿತ್ತು.

"ಅದೂ ಬಂತಾ?"

ತಲೆಯಾಡಿಸಿದೆ.

"ಅವಳಿಗೆ ಹೇಳಿದೆಯಾ?"

"ಇಲ್ಲ."

ಬೀಜ ಸುಲಿಯುತ್ತಿದ್ದ ಹೆಂಗಸರ ಸಾಲಿನಲ್ಲಿ ಯಾರೂ ತಲೆಯೆತ್ತಲಿಲ್ಲ. ಬೆನೆಡಿಕ್ಟಬಾಯಿ ಸರಿದು ಜಾಗ ಕೊಟ್ಟರು.

"ಹಾಗಾದರೆ ನೀನೂ ಸಿಕ್ಕಿಬಿದ್ದೆ, ಮಗಾ. ಪಾಳಿ ತಪ್ಪಿದರೆ ಆ ಹೆದರಿಕೆ ಅವಳಿಗೇ ವಾಪಸು; ಇನ್ನು ಒಂದು ದಿನವೂ ತಪ್ಪುವ ಹಾಗಿಲ್ಲ."