ರಾಗಿ ಕೋಣೆಯ ನೀಲಿ ಕೇಬಲ್

ಕೇಬಲ್ಲಿನ ಪ್ಲಾಸ್ಟಿಕ್ ಸಿಪ್ಪೆ ಸುಲಿದ ವಾಸನೆ ಬಂದರೆ ನನಗೆ ಈಗಲೂ ಪಾಂಡವಪುರದ ನಮ್ಮ ಮನೆಯ ರಾಗಿ ಕೋಣೆ ನೆನಪಾಗುತ್ತದೆ.

ಆ ಕೋಣೆಯಲ್ಲಿ ಅತ್ತೆ ಎರಡು ಕಂಪ್ಯೂಟರ್ ಇಟ್ಟು, ಒಂದಕ್ಕೊಂದು ಕೇಬಲ್ಲಿನಿಂದ ಜೋಡಿಸಿ ಕ್ಲಾಸ್ ಶುರು ಮಾಡಲು ಹೊರಟಿದ್ದಳು. ರಾಗಿ ಮೂಟೆಗಳನ್ನು ಹೊರಗೆ ಹಾಕಿಸಿದ ದಿನದಿಂದ ಅಪ್ಪ ತಮ್ಮ ಈ ತಂಗಿಯ ಜೊತೆ ಮಾತು ಬಿಟ್ಟಿದ್ದರು. “ಸಂಜೆಗೆ ಆ ಎರಡು ಡಬ್ಬ ಮಾತಾಡ್ನಿಲ್ಲ ಅಂದ್ರೆ ಮೂಟೆ ವಾಪಸ್ ಬತ್ತವೆ ಅಂತ ನಿಮ್ಮತ್ತೆಗೆ ಹೇಳು,” ಎಂದು ನನಗೆ ಹೇಳಿದ್ದರು.

ಕಾನ್ವೆಂಟ್ ಯೂನಿಫಾರ್ಮಿನಲ್ಲೇ ಕೂತು ನಾನು ಇಂಗ್ಲಿಷ್ ಪುಸ್ತಕದಿಂದ ತಂತಿಗಳ ಬಣ್ಣಗಳ ಆರ್ಡರ್ ಓದಿ ಹೇಳಿದೆ. ಅತ್ತೆ ನೀಲಿ ಕೇಬಲ್ಲಿನೊಳಗಿನ ತಂತಿಗಳನ್ನು ಜಡೆ ಬಿಚ್ಚಿದ ಹಾಗೆ ಬಿಡಿಸಿ, ಎರಡೂ ತುದಿಯ ಕ್ಲಿಪ್ಪಿಗೆ ಸೇರಿಸಿ ಒತ್ತಿದಳು. ಕನೆಕ್ಷನ್ ಬರಲಿಲ್ಲ. ಎರಡು ತುದಿಗಳನ್ನೂ ಪಕ್ಕಪಕ್ಕ ಹಿಡಿದು ನೋಡಿ ನಕ್ಕಳು.

“ಎರಡು ಕಂಪ್ಯೂಟರ್ ನೇರ ಸೇರ್ಸೋಕೆ ಒಂದ್ ಕಡೆ ಮಾತ್ರ ಹಸಿರು, ಕಿತ್ತಳೆ ಅದಲುಬದಲು ಮಾಡ್ಬೇಕಿತ್ತು ಕಣೆ. ಎರಡ್ ಕಡೆನೂ ಮಾಡ್ಬುಟ್ಟಿದೀನಿ, ಮೊದಲಿನಂಗೇ ಆಗೋಯ್ತು.”

ಒಂದು ತುದಿ ಕತ್ತರಿಸಿ ಮತ್ತೆ ಜೋಡಿಸಿದಳು.

ಸಂಜೆ ಅಪ್ಪ ಮೂಟೆ ಹೊತ್ತು ಬಾಗಿಲಿಗೆ ಬರುವಾಗ ನನ್ನ ಮುಂದಿನ ಸ್ಕ್ರೀನಿನ ಮೇಲೆ ಒಂದು ಸಾಲು ಮೂಡಿತು. ನಾನು ಜೋರಾಗಿ ಓದಿದೆ: “ಅಣ್ಣ, ಊಟ ಆಯ್ತಾ?”

ಅತ್ತೆ ಎದುರಿನ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಅಪ್ಪ ಮೂಟೆಯನ್ನು ಹೊಸ್ತಿಲಾಚೆಗೇ ಇಳಿಸಿ, “ಇನ್ನೂ ಇಲ್ಲ ಅಂತ ಒತ್ತವ್ವ,” ಎಂದರು.