ಇರುವೆಗಣ್ಣಿನ ದಾರಿ

ಗಂಡ ಮೈಕಲ್‌ಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂಬುದು ಡೀನಾಳಿಗೆ ಈಗ ಖಚಿತವಾಗಿತ್ತು.

ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಅವನು ಚೀಟಿ ಅಂಟಿಸಿದ್ದ: ಉಪ್ಪು, ಸಕ್ಕರೆ, ಚಹಾಪುಡಿ. ಬೆಳಿಗ್ಗೆ ಎದ್ದ ಕೂಡಲೇ, "ಇವತ್ತು ಯಾವ ವಾರ ಡೀನಾ?" ಎಂದು ಕೇಳುತ್ತಿದ್ದ. ಅವಳು ಹೇಳಿದರೆ ಕ್ಯಾಲೆಂಡರಿನತ್ತ ನೋಡಿ, "ಆಯ್ತು" ಎನ್ನುತ್ತಿದ್ದ. ವಾದಿ ಅದಾಯ್ ಬಡಾವಣೆಯ ರೋಬೋಟ್ ಕಂಪನಿಯವರು ಅವನನ್ನು ಮನೆಯಿಂದಲೇ ಕೆಲಸ ಮಾಡು ಎಂದು ಕಳಿಸಿದ್ದರು. ಯಾಕೆಂದು ಡೀನಾ ಕೇಳಲಿಲ್ಲ. ಕೇಳಿ ನೋಯಿಸುವುದೇಕೆ? ಅವಳಿಗೆ ಅಳುವೂ ಬರುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಕೊಡುವ ಇಂಜೆಕ್ಷನ್ ಎದೆಗೇ ಇಳಿದಂತೆ, ಏನೂ ನಾಟುತ್ತಿರಲಿಲ್ಲ.

ಸಂಜೆಯಾದರೆ ಅವನು ಚಪ್ಪಲಿ ಡಬ್ಬಿಯಷ್ಟು ದೊಡ್ಡದಾದ, ನಾಲ್ಕು ಚಕ್ರದ ಯಂತ್ರವೊಂದನ್ನು ಎತ್ತಿಕೊಂಡು ಹೊರಡುತ್ತಿದ್ದ. ಅವಳೂ ಜೊತೆಗೆ. ಫಾಹಿಮ್‌ನ ಗ್ರೋಸರಿ ಅಂಗಡಿಯಿಂದ ಮನೆಯವರೆಗೆ ಅದನ್ನು ಓಡಿಸಿಕೊಂಡು ಬರುವುದು. ಅವರು ವಾಸವಿದ್ದ ಅಲ್ ಅಮೇರಾತ್‌ನ ಆ ಭಾಗದಲ್ಲಿ ಎಲ್ಲ ಮನೆಗಳೂ ಬಿಳಿ, ಎಲ್ಲ ಗಲ್ಲಿಗಳೂ ಬೋಳುಗುಡ್ಡದ ಬುಡಕ್ಕೇ ಹೋಗಿ ನಿಲ್ಲುತ್ತವೆ.

"ಇದಕ್ಕೆ ಮರಳುಗಾಡಿನ ಇರುವೆಯ ಕಣ್ಣು. ಮ್ಯಾಪ್ ಬೇಡ, ಎಂತದೂ ಬೇಡ. ಒಮ್ಮೆ ಹೋದ ದಾರಿಯ ಚಿತ್ರ ಇಟ್ಟುಕೊಳ್ತದೆ. ಎದುರು ಕಾಣುವುದನ್ನು ಅದಕ್ಕೆ ತಾಳೆ ಹಾಕಿ ಗೂಡಿಗೆ ಬರ್ತದೆ."

ಇದೇ ಮಾತನ್ನು ಮೈಕಲ್ ಎಷ್ಟೋ ಸಲ ಹೇಳಿದ್ದಾನೆ ಅನ್ನಿಸುತ್ತಿತ್ತು. ಆದರೂ ಅವಳು, "ಹೌದಾ? ಭಾರೀ ಚಂದ ಉಂಟು ಮಾರಾಯ್ರೆ" ಎನ್ನುತ್ತಿದ್ದಳು.

ಒಂದು ದಿನ ಫಾಹಿಮ್ ಗಂಡನನ್ನು ಬದಿಗೆ ಕರೆದು ಏನೋ ಪಿಸುಗುಟ್ಟಿದ. ಆಮೇಲೆ ಅವಳತ್ತ ನೋಡಿ ಮರುಕದಿಂದ ನಕ್ಕ. ಇವನಿಗೂ ಗೊತ್ತಾಗಿದೆ, ಅಂದುಕೊಂಡಳು. ಸೊಹಾರ್‌ನಲ್ಲಿದ್ದ ಮಗಳು ಸೋಫಿಯಾ ಫೋನ್ ಮಾಡಿದರೆ ಅಪ್ಪನ ಜೊತೆಗೇ ಗಂಟೆಗಟ್ಟಲೆ ಮಾತು, ಅದೂ ಬಾಗಿಲು ಹಾಕಿಕೊಂಡು. ಪಾಪ, ಮಗಳಿಗೂ ಗೊತ್ತಾಗಿರಬೇಕು.

ಆ ಗುರುವಾರ ಮೈಕಲ್ ಅವಳನ್ನೂ ಯಂತ್ರವನ್ನೂ ಅಂಗಡಿಯಲ್ಲೇ ಬಿಟ್ಟ.

"ಇವತ್ತು ಟೆಸ್ಟ್. ನಾನು ಮುಂದೆ ಹೋಗಿರ್ತೇನೆ. ನೀನು ಇದರ ಹಿಂದೆಯೇ ಬಾ. ಬೇರೆ ಕಡೆ ತಿರುಗಬೇಡ. ಆಗ್ತದಾ?"

"ನಿಮಗೆ ದಾರಿ ಗೊತ್ತುಂಟಲ್ಲ?"

ಅವನು ಬಗ್ಗಿ ಯಂತ್ರವನ್ನು ಮನೆಯ ದಿಕ್ಕಿಗೆ ತಿರುಗಿಸಿಟ್ಟ. "ಗೊತ್ತುಂಟು."

ಹತ್ತು ನಿಮಿಷ ಬಿಟ್ಟು ಫಾಹಿಮ್, "ಯಲ್ಲಾ ಮೇಡಂ, ಹೊರಡಿ" ಎಂದು ಗುಂಡಿ ಒತ್ತಿದ. ಯಂತ್ರ ದಾರಿಯಲ್ಲಿ ನಿಂತಿದ್ದ ನೀರಿನ ಟ್ಯಾಂಕರನ್ನು ಸುತ್ತಿ ಹೋಗಿ, ಎರಡು ತಿರುವು ದಾಟಿ, ಅವಳ ನಡಿಗೆಗೆ ತಕ್ಕಂತೆ ನಿಧಾನವಾಗಿ ಉರುಳಿತು. ಕೊನೆಗೆ ಒಂದು ಮನೆಯ ಎದುರು ನಿಂತಿತು.

ಆ ಮನೆಯನ್ನು ಡೀನಾ ಹಿಂದೆಂದೂ ನೋಡಿರಲಿಲ್ಲ. ಯಂತ್ರ ಸೋತಿತು. ಇದನ್ನು ಮೈಕಲ್‌ಗೆ ಹೇಗೆ ಹೇಳುವುದು? ಗೇಟಿನ ಬಳಿ ಯಾರೋ ಅಪರಿಚಿತ ಮುದುಕ ಫೋನ್ ಹಿಡಿದು ನಿಂತಿದ್ದ. ದಾರಿ ಕೇಳೋಣವೆಂದು ಹತ್ತಿರ ಹೋದಳು.

"ಸೋಫಿಯಾ," ಆತ ಫೋನಿನಲ್ಲಿ ಹೇಳುತ್ತಿದ್ದ, "ಮಮ್ಮಿ ಮನೆಗೆ ಬಂದಳು."